ಅಜ್ಜಿಯ ಹುಟ್ಟುಹಬ್ಬ ಯಾವತ್ತು?

ಏಪ್ರಿಲ್ ರಜೆಗೆ ಮೊಮ್ಮಗಳು ನಮ್ಮ ಮೈಸೂರಿನ ಮನೆಗೆ ಬಂದಿದ್ದಳು. ಐದನೇ ತರಗತಿ ಮುಗಿಸಿ ಆರಕ್ಕೆ ಕಾಲಿಟ್ಟವಳು. ರಜೆಯಲ್ಲೂ ಶಾಲೆಯವರು ಒಂದು ಕೆಲಸ ಕೊಟ್ಟಿದ್ದರು. ಮನೆಮಂದಿಯೆಲ್ಲರ ಹುಟ್ಟುಹಬ್ಬದ ಪಟ್ಟಿ ಮಾಡಿ, ದೊಡ್ಡ ಹಾಳೆಯ ಮೇಲೆ ಬರೆದು, ಬಣ್ಣ ಹಚ್ಚಿ ತರಬೇಕು. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರದೂ ಆಯಿತು. ನನ್ನದೂ ಆಯಿತು.

“ತಾತಾ, ಅಜ್ಜಿ ಹುಟ್ಟುಹಬ್ಬ ಯಾವತ್ತು?”

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅರ್ಜಿ ತುಂಬುವ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸಲಾರರು. ಎದ್ದು ನೋಡದೆಯೇ ಹೇಳಿದೆ: “1-6-1954.”

ಅಡುಗೆಮನೆಯಿಂದ ನಗು ಕೇಳಿಸಿತು. “ಅದು ನಾನು ಹುಟ್ಟಿದ ದಿನ ಅಲ್ಲ ಪುಟ್ಟಿ. ಸಾಲಿ ಮಾಸ್ತರು ಬರೆದ ದಿನ.”

“ಹಾಗಾದರೆ ಹುಟ್ಟಿದ್ದು ಯಾವತ್ತು?” ಈ ಪ್ರಶ್ನೆ ಕೇಳಿದ್ದು ಮೊಮ್ಮಗಳು. ನಮ್ಮ ಮದುವೆಯಾಗಿ ನಲವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

“ಮಣ್ಣೆತ್ತಿನ ಅಮಾವಾಸ್ಯೆ ದಿನ ಅಂತ ನಮ್ಮವ್ವ ಹೇಳ್ತಿದ್ದಳು. ಯಾವ ವರ್ಷವೋ ಏನೋ” ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು ನನ್ನಾಕೆ. ಸಾಸಿವೆ ಸಿಡಿಯಿತು, ಮಾತು ಅಲ್ಲಿಗೆ ನಿಂತಿತು.

ಮಕ್ಕಳೇ, ನಿಮಗೆ ಇದು ವಿಚಿತ್ರ ಎನ್ನಿಸಬಹುದು. ಹುಟ್ಟಿದ ದಿನವೇ ಗೊತ್ತಿಲ್ಲವೆಂದರೆ ಹೇಗೆ? ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಎಷ್ಟೋ ಜನರದು ಇದೇ ಕಥೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಮಗುವನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮಾಸ್ತರು ಮುಖ ನೋಡಿ, ಎತ್ತರ ನೋಡಿ, ವಯಸ್ಸು ಸರಿಹೊಂದುವಂತೆ ಒಂದು ತಾರೀಖು ಬರೆಯುತ್ತಿದ್ದರು. ಶಾಲೆ ತೆರೆಯುವುದು ಜೂನ್‌ನಲ್ಲಿ. ಹೀಗಾಗಿ ಜೂನ್ 1. ನಮ್ಮ ಶಾಖೆಯಲ್ಲಿ ಖಾತೆ ತೆರೆಯುವ ಅರ್ಜಿಗಳನ್ನು ತಿರುವಿ ಹಾಕುವಾಗ ಜೂನ್ 1 ಕಂಡು ಕಂಡು ನನಗೆ ಅಭ್ಯಾಸವಾಗಿತ್ತು. ಊರಿಗೆ ಊರೇ ಒಂದೇ ದಿನ ಹುಟ್ಟಿದಂತೆ! ಆಗ ನಾವು ಗುಮಾಸ್ತರೆಲ್ಲ ನಗುತ್ತಿದ್ದೆವು. ಆ ಸಾಲಿನಲ್ಲಿ ನನ್ನ ಮನೆಯಾಕೆಯೂ ಇದ್ದಾಳೆ ಎಂದು ಯೋಚಿಸಿದ್ದಿಲ್ಲ. ಅವಳ ಅರ್ಜಿಗಳನ್ನೆಲ್ಲ ತುಂಬಿದ್ದು ನಾನೇ. ಹಿರಿಯ ನಾಗರಿಕರಿಗೆ ಠೇವಣಿಯ ಮೇಲೆ ಸಿಗುವ ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗೆ ಓಡಾಡಿದ್ದೂ ನಾನೇ. ತಾರೀಖು ಬರೆದೆ, ದಿನ ಕೇಳಲಿಲ್ಲ.

ನನ್ನದು ಹಾಗಲ್ಲ. ನಾನು ಹುಟ್ಟಿದ ಗಳಿಗೆಯನ್ನು ನಮ್ಮಪ್ಪ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರು. 1950ರ ಮೇ ತಿಂಗಳು, ವಿಕೃತಿ ಸಂವತ್ಸರ. ಅದೇ ಸಂವತ್ಸರ ತಿರುಗಿ ಬಂದದ್ದು 2010ರಲ್ಲಿ. ಆಗ ನನಗೆ ಷಷ್ಟ್ಯಬ್ದಿ ಮಾಡಿದರು.

ಅರವತ್ತಕ್ಕೇ ಯಾಕೆ ಅಷ್ಟು ಸಂಭ್ರಮ ಎಂದು ಮೊಮ್ಮಗಳು ಕೇಳಿದಳು. ಗಣಿತದ ನೋಟ್‌ಬುಕ್ ತೆಗೆಸಿದೆ. ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ. ಶನಿಗ್ರಹಕ್ಕೆ ಸುಮಾರು 30 ವರ್ಷ. 12 ಮತ್ತು 30ರ ಲ.ಸಾ.ಅ. ಎಷ್ಟು? “ಅರವತ್ತು!” ಎಂದಳು. ಅಂದರೆ ನಾವು ಹುಟ್ಟಿದಾಗ ಆ ಎರಡು ಗ್ರಹ ಎಲ್ಲಿದ್ದವೋ, ಅರವತ್ತು ವರ್ಷಕ್ಕೆ ಹೆಚ್ಚುಕಡಿಮೆ ಅಲ್ಲಿಗೇ ಬಂದಿರುತ್ತವೆ. ನಮ್ಮ ಸಂವತ್ಸರಗಳೂ ಅರವತ್ತೇ. ಒಂದು ಸುತ್ತು ಮುಗಿಯಿತು, ಹೊಸ ಪುಸ್ತಕ ತೆರೆಯಿತು ಎಂದು ಲೆಕ್ಕ. ಎಪ್ಪತ್ತರ ಹೊತ್ತಿಗೆ ಭೀಮರಥ ಶಾಂತಿ. ಎಂಬತ್ತು ದಾಟಿದ ಮೇಲೆ ಸಹಸ್ರ ಚಂದ್ರದರ್ಶನ, ಅಂದರೆ ಸಾವಿರ ಹುಣ್ಣಿಮೆ ಕಂಡವರ ಹಬ್ಬ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಸಾವಿರಕ್ಕೆ 29,530 ದಿನ. ವರ್ಷಕ್ಕೆ ತಿರುಗಿಸಿದರೆ 80 ವರ್ಷ 10 ತಿಂಗಳು ಚಿಲ್ಲರೆ.

ಲೆಕ್ಕ ಮುಗಿಸಿ ಷಷ್ಟ್ಯಬ್ದಿಯ ಆಲ್ಬಮ್ ತೆಗೆದೆವು. ಪ್ರತಿ ಫೋಟೋದಲ್ಲೂ ನನ್ನಾಕೆ ಪಕ್ಕದಲ್ಲೇ ಇದ್ದಾಳೆ. ಕಲಶದ ನೀರು ಇಬ್ಬರ ತಲೆಯ ಮೇಲೂ ಬಿದ್ದಿದೆ. ನಾನು ಮತ್ತೊಮ್ಮೆ ತಾಳಿ ಕಟ್ಟುತ್ತಿದ್ದೇನೆ, ಅವಳು ನಾಚಿ ತಲೆ ತಗ್ಗಿಸಿದ್ದಾಳೆ. ಮೊಮ್ಮಗಳು ಪುಟ ತಿರುವುತ್ತ ಕೇಳಿದಳು: “ಇದು ತಾತನ ಅರವತ್ತು. ಅಜ್ಜಿಯ ಅರವತ್ತರ ಫೋಟೋ ಎಲ್ಲಿ?”

ಇರಲಿಲ್ಲ. ನನ್ನ ಎಪ್ಪತ್ತು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಬಂತು. ಮಕ್ಕಳು ಫೋನಿನಲ್ಲೇ ನಮಸ್ಕಾರ ಮಾಡಿದರು. ಆದರೂ ಅವಳು ಇದ್ದ ಬೇಳೆ ಬೆಲ್ಲದಲ್ಲೇ ಒಬ್ಬಟ್ಟು ಮಾಡಿದ್ದಳು. ಅಂಥ ಕಾಲದಲ್ಲೂ ನನ್ನ ಎಪ್ಪತ್ತು ತಪ್ಪಲಿಲ್ಲ. ಅವಳ ಅರವತ್ತು ಯಾವ ಕಷ್ಟವೂ ಇಲ್ಲದ ಕಾಲದಲ್ಲಿ ತಪ್ಪಿಹೋಗಿತ್ತು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಳೆಯದೊಂದು ನೆನಪು ಮೇಲೆದ್ದು ಬಂತು. ನಾನು ಮೈಸೂರು ಕಡೆಯವನು, ನನ್ನಾಕೆ ಗದಗ ಸೀಮೆಯವಳು. ಗದಗಿನ ಶಾಖೆಗೆ ವರ್ಗವಾಗಿದ್ದಾಗ 1977ರಲ್ಲಿ ನಮ್ಮ ಮದುವೆಯಾಯಿತು. ಮುಂದೆ ನನಗೆ ಈ ಕಡೆಗೆ ವರ್ಗವಾಯಿತು. ಮೊದಲ ನಾಲ್ಕೈದು ವರ್ಷ ಪ್ರತಿ ಜೂನ್‌ನಲ್ಲೂ ಅವಳು ಕೇಳುತ್ತಿದ್ದಳು: “ಏನ್ರೀ, ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆ ಹೋಗಿ ಬರೋಣೇನು?” ಆಗ ಬ್ಯಾಂಕುಗಳಿಗೆ ಜೂನ್ 30ಕ್ಕೆ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಗಡಿಬಿಡಿ. ರಾತ್ರಿ ಹತ್ತಾದರೂ ಲೆಡ್ಜರು ತಾಳೆಯಾಗದೆ ಕೂತಿರುತ್ತಿದ್ದೆವು. “ಜೂನ್ ಕ್ಲೋಸಿಂಗ್ ಕಣೇ, ರಜೆ ಎಲ್ಲಿಂದ ತರಲಿ?” ಎನ್ನುತ್ತಿದ್ದೆ. ಆಮೇಲೆ ಮಕ್ಕಳ ಶಾಲೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅವಳು ಹಬ್ಬಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ತನ್ನ ಹುಟ್ಟುಹಬ್ಬಕ್ಕೆ ಕೇಳುತ್ತಿದ್ದಳು ಎಂದು ತಿಳಿದದ್ದು ಈಗ.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಯ ಆಚರಣೆ ಇಲ್ಲ. ಅದು ಜ್ಯೇಷ್ಠ ಮಾಸದ ಅಮಾವಾಸ್ಯೆ. ಉತ್ತರ ಕರ್ನಾಟಕದಲ್ಲಿ ಅವತ್ತು ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ನಮ್ಮಲ್ಲಿ ಇರುವುದು ಅದರ ಮುಂದಿನ ತಿಂಗಳಿನದು, ಆಷಾಢದ ಭೀಮನ ಅಮಾವಾಸ್ಯೆ. ಹೆಂಡತಿ ಗಂಡನ ಆಯುಸ್ಸಿಗಾಗಿ ಪೂಜೆ ಮಾಡುವ ದಿನ. ಮದುವೆಯಾಗಿ ಬಂದವಳು ತನ್ನ ಅಮಾವಾಸ್ಯೆಯನ್ನು ಬಿಟ್ಟು ನನ್ನ ಅಮಾವಾಸ್ಯೆಯನ್ನು ಹಿಡಿದಳು. ನಲವತ್ತೆಂಟು ವರ್ಷ ಒಂದೂ ತಪ್ಪಿಸಲಿಲ್ಲ.

ಬೆಳಿಗ್ಗೆ ಎದ್ದವನೇ ರೈಲಿನ ಟಿಕೆಟ್ ಮಾಡಿಸಲು ಮಗನಿಗೆ ಹೇಳಿದೆ. ಅವಳು ಹುಟ್ಟಿದ ವರ್ಷ ಹೇಳಬಲ್ಲವರು ಈಗ ಒಬ್ಬರೇ ಉಳಿದಿದ್ದರು, ಅವಳ ಅಕ್ಕ. ಎಪ್ಪತ್ತೆಂಟರ ಆಸುಪಾಸು. ಕಣ್ಣು ಮಂಜು, ಕಿವಿ ಚುರುಕು. ಗದಗದಲ್ಲಿ ರೈಲು ಇಳಿದು ಬಸ್ಸು ಹಿಡಿದು ಅವರ ಹಳ್ಳಿಗೆ ಹೋದೆವು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಊಟ ಮುಗಿಯಿತು. ಮೊಮ್ಮಗಳು ಹಾಳೆ ಹಿಡಿದು ಅವರ ಮುಂದೆ ಕೂತಳು.

“ಮಣ್ಣೆತ್ತಿನ ಅಮಾಸಿ ದಿನಾನ ಹುಟ್ಟ್ಯಾಳ. ಸುಳ್ಳಲ್ಲ” ಎಂದರು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. ನನ್ನ ಕಡೆ ತಿರುಗಿದರು. “ಇನ್ನೊಂದು ಮಾತೈತ್ರಿ. ಇಷ್ಟ ವರ್ಷ ನಿಮಗ ಹೇಳಿಲ್ಲ. ಅವತ್ತ ಸೂರ್ಯಗ ಗ್ರಹಣ ಹಿಡದಿತ್ತು. ಗ್ರಹಣದಾಗ ಹುಟ್ಟಿದ ಹೆಣ್ಣಂದ್ರ ಯಾರ ಮನಿ ತುಂಬಿಸ್ಕೋತಾರ? ಅದಕ್ಕ ಅವ್ವ ನಮ್ಮ ಕಡೆ ಆಣಿ ಮಾಡಿಸಿದ್ಲು, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ. ನಿಮಗ ಬ್ಯಾಸರ ಆತೇನ್ರಿ?”

ನನ್ನಾಕೆಗೂ ಗ್ರಹಣದ ವಿಷಯ ಗೊತ್ತಿರಲಿಲ್ಲ. ಅವಳ ಮುಖ ನೋಡಿದೆ. ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು. ನಲವತ್ತೆಂಟು ವರ್ಷ ಜೊತೆಗಿದ್ದ ಮೇಲೂ ಹಾಗೆ ಕಾಯಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

“ಅಕ್ಕಾವರೇ, ಗ್ರಹಣ ಅಂದರೆ ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬರುವುದು. ಅದರ ನೆರಳು ಹಾದು ಹೋಗುತ್ತದೆ, ಅಷ್ಟೇ. ಈ ಮನೆಯ ಮಗಳು ನಮ್ಮ ಮನೆಗೆ ಬಂದ ಮೇಲೆ ಕತ್ತಲೆ ಎಂಬುದನ್ನು ನಾನು ಕಂಡಿಲ್ಲ” ಎಂದೆ. ಮೊಮ್ಮಗಳಂತೂ ಕುಣಿದಾಡಿದಳು. “ಅಜ್ಜಿ ಗ್ರಹಣದ ದಿನ ಹುಟ್ಟಿದ್ದಾ? ನಮ್ಮ ಕ್ಲಾಸಲ್ಲಿ ಯಾರಿಗೂ ಇಂಥ ಅಜ್ಜಿ ಇಲ್ಲ!” ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಮೈಸೂರಿಗೆ ಬಂದ ಮೇಲೆ ನನ್ನೊಳಗಿನ ಗುಮಾಸ್ತ ಎದ್ದು ಕೂತ. ವರ್ಷ ಯಾವುದು? ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ. ಜ್ಯೇಷ್ಠದ ಅಮಾವಾಸ್ಯೆ, ಅದೂ ಗ್ರಹಣ. ಎರಡು ವೋಚರು ಕೈಯಲ್ಲಿವೆ, ತಾಳೆ ನೋಡುವುದಷ್ಟೇ ಬಾಕಿ ಎಂದು ಮಗನನ್ನು ಹುಡುಕಲು ಕೂರಿಸಿದೆ. ಸಿಕ್ಕಿದ್ದು ಒಂದಲ್ಲ, ಎರಡು! 1954ರ ಜೂನ್ 30, ಬುಧವಾರ. 1955ರ ಜೂನ್ 20, ಸೋಮವಾರ. ಒಂದರ ಹಿಂದೊಂದು ಎರಡು ವರ್ಷ, ಎರಡೂ ಸಲ ಮಣ್ಣೆತ್ತಿನ ಅಮಾವಾಸ್ಯೆಯಂದೇ ಗ್ರಹಣ.

ಈಗ ಪ್ರಶ್ನೆ ದೊಡ್ಡದಾಯಿತು. 1955 ಆದರೆ ಅವಳಿಗೆ ಬರುವ ಜೂನ್‌ಗೆ ಎಪ್ಪತ್ತು. 1954 ಆದರೆ ಅರವತ್ತಿನಂತೆ ಎಪ್ಪತ್ತೂ ಹೋದ ವರ್ಷವೇ ಕೈತಪ್ಪಿ ಹೋಗಿದೆ.

ಮಗ ಮತ್ತಷ್ಟು ಓದಿ ಹೇಳಿದ. 1954ರದು ಅಮೆರಿಕದಲ್ಲಿ ಸೂರ್ಯೋದಯದ ಹೊತ್ತಿಗೆ ಶುರುವಾಗಿ ನಮ್ಮ ರಾಜಸ್ಥಾನದಲ್ಲಿ ಸೂರ್ಯಾಸ್ತದ ಹೊತ್ತಿಗೆ ಮುಗಿದ ಗ್ರಹಣ. ಅಂದರೆ ನಮಗೆ ಸಂಜೆಯದು. 1955ರದು ಸಿಲೋನಿನಲ್ಲಿ ಬೆಳಿಗ್ಗೆ ಪೂರ್ಣವಾಗಿ ಕಂಡು, ಥಾಯ್ಲೆಂಡ್, ಫಿಲಿಪ್ಪೀನ್ಸ್ ಕಡೆ ಹೋದ ಗ್ರಹಣ. ನಮ್ಮಲ್ಲಿ ಬೆಳಗಿನ ಹೊತ್ತು ಪಾರ್ಶ್ವವಾಗಿ ಹಿಡಿದಿತ್ತು. ಇಪ್ಪತ್ತನೇ ಶತಮಾನದ ಅತಿ ದೀರ್ಘ ಪೂರ್ಣ ಸೂರ್ಯಗ್ರಹಣ ಅದೇ. ಅದರ ಗರಿಷ್ಠ ಅವಧಿ 7 ನಿಮಿಷ 8 ಸೆಕೆಂಡು.

ಅಕ್ಕನಿಗೆ ಫೋನ್ ಹಚ್ಚಿದೆವು. ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂತೆವು. “ಅಕ್ಕಾವರೇ, ಗ್ರಹಣ ಹಿಡಿದದ್ದು ಬೆಳಿಗ್ಗೆಯೋ ಸಂಜೆಯೋ?”

“ಮುಂಜಾನಿ ರೀ!” ಒಂದು ಕ್ಷಣವೂ ತಡವಿಲ್ಲ. “ಗ್ರಹಣ ಬಿಡೋ ತನಕ ಏನೂ ತಿನ್ನಂಗಿಲ್ಲ ಅಂತ ನಮ್ಮಜ್ಜಿ ರೊಟ್ಟಿ ಕೊಡಲಿಲ್ಲ. ಹೊರಗ ಹೋಗಿ ಎತ್ತು ಮಾಡಾಕೂ ಬಿಡಲಿಲ್ಲ. ನಾ ಹಸಿವಿಗೆ ಅಳಾಕತ್ತಿದ್ದೆ. ಒಳಗ ಇನ್ನೊಂದು ಅಳು ಕೇಳಿಸ್ತು. ಅದು ಇವಳು. ಸಂಜಿ ಆಗಿದ್ರ ನಾ ಯಾಕ ಹಸದಿರ್ತಿದ್ದೆ?”

ಲೆಕ್ಕ ತಾಳೆಯಾಯಿತು. 20 ಜೂನ್ 1955, ಸೋಮವಾರ, ಬೆಳಿಗ್ಗೆ. ಮನ್ಮಥ ಸಂವತ್ಸರ. ಒಂದು ಹಸಿದ ಹುಡುಗಿಯ ನೆನಪಿನಿಂದ ಎಪ್ಪತ್ತು ವರ್ಷದ ಖಾತೆ ಸರಿಹೋಯಿತು.

ನಾನು ದಿನಚರಿ ಬರೆದಿಡುವವನು. ಅವಳ ಅರವತ್ತರ ದಿನ, 2015ರ ಜೂನ್ 20ರ ಪುಟ ತೆಗೆದೆ. “ಶನಿವಾರ. ಗ್ಯಾಸ್ ಬಂತು. ನಾಳೆ ಯೋಗ ದಿನ, ಪಾರ್ಕಿಗೆ ಆರು ಗಂಟೆಗೆ.” ಇಷ್ಟೇ ಬರೆದಿದ್ದೆ.

ಮಕ್ಕಳು ಮೇ ತಿಂಗಳಲ್ಲಿ ನನ್ನ ಎಪ್ಪತ್ತೈದಕ್ಕೆಂದು ಸಭಾಂಗಣ, ಅಡುಗೆಯವರು ಎಂದೆಲ್ಲ ಮಾತಾಡುತ್ತಿದ್ದರು. ಅದನ್ನು ನಿಲ್ಲಿಸಿದೆ. “ಆ ಮೊತ್ತ ನಿಮ್ಮಮ್ಮನ ಖಾತೆಗೆ ವರ್ಗಾವಣೆ” ಎಂದೆ. ಅವಳನ್ನು ಕೇಳಿದೆ: “ಏನು ಬೇಕು? ಹೋಮವೇ, ಕೇಕೇ, ಸೀರೆಯೇ?” ಅವಳು ಬಹಳ ಯೋಚಿಸಲಿಲ್ಲ. “ಅಮಾವಾಸ್ಯೆಗೆ ಊರಿಗೆ ಹೋಗಿ ಬರೋಣೇನು?” ಎಂದಳು. ಅದೇ ಹಳೆಯ ಪ್ರಶ್ನೆ. ಈ ಸಲ ನನಗೆ ಯಾವ ಕ್ಲೋಸಿಂಗೂ ಇರಲಿಲ್ಲ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಬಂದದ್ದು ಜೂನ್ 25, ಬುಧವಾರ. ತಾರೀಖು ಐದು ದಿನ ಮುಂದೆ ಹೋಯಿತಲ್ಲ ಎಂದು ಮೊಮ್ಮಗಳಿಗೆ ಅನುಮಾನ. ಮಕ್ಕಳೇ, ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಅದನ್ನು ಸರಿದೂಗಿಸಲು ಆಗಾಗ ಅಧಿಕ ಮಾಸ ಬರುತ್ತದೆ. ಹಾಗಾಗಿ ತಿಥಿಯೂ ತಾರೀಖೂ ಹಿಂದುಮುಂದಾಗುತ್ತವೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ಎರಡೂ ಒಂದೆರಡು ದಿನದ ಅಂತರದಲ್ಲಿ ಮತ್ತೆ ಕೂಡುತ್ತವೆ. ನಿಮ್ಮ ಹತ್ತೊಂಬತ್ತನೇ ಹುಟ್ಟುಹಬ್ಬಕ್ಕೆ ಕ್ಯಾಲೆಂಡರ್ ನೋಡಿ, ಈ ತಾತನ ಮಾತು ನೆನಪಾದೀತು.

ಶಾಲೆ ನಡೆಯುತ್ತಿದ್ದ ದಿನಗಳು. ಮೊಮ್ಮಗಳು ರಜೆ ಚೀಟಿಯಲ್ಲಿ ತಾನೇ ಕಾರಣ ಬರೆದಳು: “ನಮ್ಮ ಅಜ್ಜಿಯ ಮೊದಲನೇ ಹುಟ್ಟುಹಬ್ಬ.” ಟೀಚರು ಫೋನ್ ಮಾಡಿ ವಿಚಾರಿಸಿದರು. ಮಗ ಎಲ್ಲ ವಿವರಿಸಿದ ಮೇಲೆ, ರಜೆಯ ಜೊತೆಗೆ ಒಂದು ಶುಭಾಶಯವನ್ನೂ ಕೊಟ್ಟರು.

ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕಪ್ಪು ಎರೆಮಣ್ಣು ಕಲಸಿಟ್ಟಿದ್ದರು. ಅಕ್ಕ, ತಂಗಿ, ಮೊಮ್ಮಗಳು ಮೂವರೂ ಕೂತು ಎತ್ತು ಮಾಡಿದರು. ಅಕ್ಕನ ಕಣ್ಣು ಮಂಜಾದರೂ ಬೆರಳಿಗೆ ಎತ್ತಿನ ಆಕಾರ ನೆನಪಿತ್ತು. ನನ್ನಾಕೆ ಜೋಡಿ ಎತ್ತು ಮಾಡಿ, ಮುಂದೆ ಮೇವಿನ ಗ್ವಾದಲಿಯನ್ನೂ ಮಾಡಿದಳು. ಮೊಮ್ಮಗಳ ಎತ್ತು ನಾಯಿಯ ಹಾಗಿತ್ತು, ಕೋಡು ಇಟ್ಟ ಮೇಲೆ ಒಪ್ಪಿಕೊಂಡೆವು. ಪೂಜೆಯಾಯಿತು, ಹೋಳಿಗೆಯ ಊಟವಾಯಿತು. ಮಗಳು, ಸೊಸೆ ಆರತಿ ಎತ್ತಿದರು. ಅಕ್ಕ ತಂಗಿಯ ಬಾಯಿಗೆ ಮೊದಲ ತುತ್ತು ಹೋಳಿಗೆ ಇಟ್ಟು, “ಅವತ್ತ ನಿನ್ನಿಂದ ನಾ ಉಪವಾಸ ಬಿದ್ದಿದ್ದೆ, ಗೊತ್ತೇನ?” ಎಂದರು. ಇಬ್ಬರೂ ನಕ್ಕರು. ಎಪ್ಪತ್ತರ ಮುದುಕಿ ಅಕ್ಕನ ಮುಂದೆ ಮತ್ತೆ ಚಿಕ್ಕ ಹುಡುಗಿಯಾದದ್ದನ್ನು ನಾನು ಅವತ್ತು ಕಂಡೆ.

ಊಟದ ಮೇಲೆ ಮೊಮ್ಮಗಳೂ ನಾನೂ ಲೆಕ್ಕ ಹಾಕಿದೆವು. ಅಮಾವಾಸ್ಯೆಯಂದು ಹುಟ್ಟಿದವಳು, ಅಮಾವಾಸ್ಯೆಯಂದೇ ಎಪ್ಪತ್ತು ತುಂಬಿದವಳು. ನಡುವೆ ಎಪ್ಪತ್ತು ವರ್ಷದ 840 ತಿಂಗಳು, ಜೊತೆಗೆ 26 ಅಧಿಕ ಮಾಸ. ಒಟ್ಟು 866 ಹುಣ್ಣಿಮೆ. ಸಾವಿರಕ್ಕೆ ಇನ್ನೆಷ್ಟು? 134. ಅವಳು ಹಾಳೆಯ ಮೇಲೆ 134 ಪುಟ್ಟ ವೃತ್ತ ಬರೆದಳು.

ದಾಖಲೆಯ ತಾರೀಖನ್ನು ತಿದ್ದಿಸಲು ನಾವು ಹೋಗಲಿಲ್ಲ. ಜೂನ್ 1ಕ್ಕೆ ಬರುವ ಸಂದೇಶಗಳು ಮಾಸ್ತರ ನೆನಪಿಗೆ ಇರಲಿ. ಮಕ್ಕಳೇ, ನಿಮ್ಮ ಮನೆಯ ಅಜ್ಜಿಯನ್ನು ಈ ವಾರವೇ ಕೇಳಿ. ತಾರೀಖು ಗೊತ್ತಿಲ್ಲ ಎಂದರೆ ಬಿಡಬೇಡಿ. ಯಾವ ಹಬ್ಬ, ಯಾವ ಬೆಳೆ, ಮಳೆಯೋ ಬಿಸಿಲೋ, ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿ. ಅವರಿಗೆ ಅಕ್ಕ, ಅಣ್ಣ ಇದ್ದರೆ ಅವರನ್ನೂ ಕೇಳಿ. ನನ್ನ ವಯಸ್ಸಿನ ಗೆಳೆಯರೇ, ನಿಮಗೂ ಇದೇ ಮಾತು. ಮೊಮ್ಮಕ್ಕಳು ಕೇಳುವ ತನಕ ನನ್ನ ಹಾಗೆ ಕಾಯಬೇಡಿ.

ಜುಲೈ 10ರ ಗುರುಪೂರ್ಣಿಮೆಯ ರಾತ್ರಿ ನಾವಿಬ್ಬರೂ ತಾರಸಿ ಹತ್ತಿದೆವು. ಮೊನ್ನೆ ಭೀಮನ ಅಮಾವಾಸ್ಯೆಯಂದು ಅವಳು ಎಂದಿನಂತೆ ಪೂಜೆ ಮಾಡಿ ನನಗೆ ನಮಸ್ಕರಿಸಲು ಬಂದಳು. “ದೀರ್ಘ ಸುಮಂಗಲಿ ಭವ” ಎನ್ನುವುದು ವಾಡಿಕೆ. ಅದರಲ್ಲೂ ನನ್ನ ಆಯುಸ್ಸಿನ ಲೆಕ್ಕವೇ ಇದೆಯಲ್ಲ ಎನ್ನಿಸಿತು. ಈ ಸಲ “ಸಾವಿರ ಹುಣ್ಣಿಮೆ ನೋಡು” ಎಂದೆ. ಗೋಡೆಯ ಮೇಲಿನ ಹಾಳೆಯಲ್ಲಿ ಒಂದು ವೃತ್ತಕ್ಕೆ ಹಳದಿ ಬಣ್ಣ ಬಿದ್ದಿದೆ. ಬಾಕಿ 133.